ಮಬ್ರೂಕಾ ಸಹಿ ಹಾಕದ ಪುಟ

ಮಬ್ರೂಕಾಳನ್ನು ನಾನು ಮೊದಲು ಕಂಡದ್ದು ಜೆರ್ಬಾ ದ್ವೀಪದ ಶಾಲೆಯಲ್ಲಿ, ಹಾಜರಿ ಕರೆಯುವಾಗ. ಪುಸ್ತಕದಲ್ಲಿದ್ದಂತೆಯೇ ‘ಮಬ್ರೂಕಾ ಅತೀಗ್ ಬೆನ್ ಸಲ್ಲೂಮ್’ ಎಂದು ಓದಿದೆ. ಬೆನ್ ಸಲ್ಲೂಮ್ ಮನೆತನದಿಂದ ಬಿಡುಗಡೆ ಪಡೆದವರು ಎಂದು ಅದರ ಅರ್ಥ. ಅವಳ ಮುತ್ತಜ್ಜ ಗುಲಾಮನಾಗಿದ್ದ. ಒಡೆಯನ ಹೆಸರು ಇನ್ನೂ ಕಾಗದಪತ್ರದಿಂದ ಇಳಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹನ್ನೊಂದರ ಹುಡುಗಿ ಎದ್ದು ನಿಂತು, ಮೊದಲ ಹೆಸರೊಂದೇ ಕರೆದರೆ ಸಾಕು ಎಂದಳು. ಮರುದಿನದಿಂದ ಇಡೀ ತರಗತಿಯನ್ನು ಹಾಗೆಯೇ ಕರೆದೆ.

ನಿವೃತ್ತನಾಗಿ ಸ್ಫಾಕ್ಸ್ ನಗರದಲ್ಲಿರುವ ಮಗಳ ಮನೆಗೆ ಬಂದ ಮೇಲೆ ಒಂದು ಪ್ರಕಾಶನದಲ್ಲಿ ವ್ಯಾಕರಣ ನೋಡಿಕೊಡುವ ಕೆಲಸ ಸಿಕ್ಕಿತು. ಅಲ್ಲಿ ಕರಡು ತಿದ್ದುವ ಮೇಜಿನ ಮುಂದೆ ಮಬ್ರೂಕಾ ಕುಳಿತಿದ್ದಳು, ನಲವತ್ತು ದಾಟಿದವಳು. ಡ್ರ್ಯಾಗನ್, ಮಾಟ, ಸಾಮ್ರಾಜ್ಯಗಳಿರುವ ದೊಡ್ಡವರ ಕಾದಂಬರಿಗಳ ಅರಬ್ಬಿ ಅನುವಾದಗಳ ಕರಡು ಅವಳ ಪಾಲು. ಅವೆಂದರೆ ಅವಳಿಗೆ ಪ್ರಾಣ. ಊಟದ ಹೊತ್ತಿನಲ್ಲೂ ಒಂದು ಕೈಯಲ್ಲಿ ಹರೀಸಾ ಖಾರ ಸವರಿದ ರೊಟ್ಟಿ, ಇನ್ನೊಂದರಲ್ಲಿ ಕರಡು.

ಹಾಗಿರುವಾಗ ಒಂದು ಮಾಲಿಕೆಯ ಐದನೆಯ ಸಂಪುಟ ಬಂತು. ಅದರಲ್ಲಿ ಒಂದು ಗುಲಾಮರ ಸಂತೆ. ಕೊಳ್ಳುವವನು ಹೆಂಗಸಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಲೇಖಕ ಅದನ್ನು ಹೇಯವೆಂದೇ ಬರೆದಿದ್ದಾನೆ. ನಾಯಕ ಬಂದು ಬೇಡಿ ಕಡಿಯುತ್ತಾನೆ. ಬಿಡುಗಡೆಯಾದವರು ಕೃತಜ್ಞತೆಯಿಂದ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ.

“ನಮ್ಮಜ್ಜಿ ಆ ಬೆನ್ ಸಲ್ಲೂಮ್ ಹೆಸರನ್ನ ಒಂದು ದಿನಾನೂ ಬಾಯ್ತುಂಬ ಹೇಳ್ಲಿಲ್ಲ ಮೇಷ್ಟ್ರೇ,” ಎಂದಳು ಮಬ್ರೂಕಾ. “ಹೋಗ್ಲಿ, ಬೇಡಿ ಕೆಟ್ಟದ್ದು ಅಂತಾದ್ರೂ ಇದನ್ನ ಬರೆದವ್ರಿಗೆ ಗೊತ್ತಿದೆ. ಮುಂದಕ್ಕೆ ಓದಿ.”

ಮುಂದೆ ಅದೇ ನಾಯಕನ ಮದುವೆ. ಹುಡುಗಿಯ ಅಪ್ಪ ನಲವತ್ತು ಕುದುರೆ ಪಡೆದು ಅವಳನ್ನು ಕೊಡುತ್ತಾನೆ. ಅತ್ತೆಯಾಗುವವಳು ಅವಳ ಬಾಯಿ ತೆರೆಸಿ ಹಲ್ಲು ನೋಡುತ್ತಾಳೆ. ಹಿನ್ನೆಲೆಯಲ್ಲಿ ತಂತಿವಾದ್ಯ ನುಡಿಯುತ್ತಿರುತ್ತದೆ. ಹುಡುಗಿ ರಾತ್ರಿಯೆಲ್ಲ ಅಳುತ್ತಾಳೆ, ಬೆಳಗಾಗುವಷ್ಟರಲ್ಲಿ ಅವನನ್ನು ಪ್ರೀತಿಸುತ್ತಾಳೆ. ಆ ಅಧ್ಯಾಯವನ್ನು ನಾನು ಹಿಂದಿನ ವಾರವೇ ಓದಿ ಎರಡು ಅಲ್ಪವಿರಾಮ ತಿದ್ದಿದ್ದೆ. ವಾಕ್ಯಗಳು ಸೊಗಸಾಗಿವೆ ಎಂದೂ ಅನಿಸಿತ್ತು. ಅಲ್ಲಿಯೂ ಹಲ್ಲು ನೋಡುತ್ತಾರೆ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ.

ಮಾಲೀಕ ಫರ್ಹಾತ್ ಹಿಂಬದಿಯ ರಕ್ಷಾಪುಟಕ್ಕೆ ಬರೆದಿದ್ದ: ‘ಗುಲಾಮಗಿರಿಯ ವಿರುದ್ಧ ಸಮರ, ಮರೆಯಲಾಗದ ಪ್ರೇಮ’. ‘ಪ್ರೇಮ’ ಎಂಬುದನ್ನು ತೆಗೆಯದಿದ್ದರೆ ಸಹಿ ಹಾಕುವುದಿಲ್ಲ ಎಂದಳು ಮಬ್ರೂಕಾ. ಕರಡು ತಿದ್ದಿದವರ ಸಹಿಯಿಲ್ಲದೆ ಅಲ್ಲಿ ಯಾವ ಪುಸ್ತಕವೂ ಅಚ್ಚಿಗೆ ಹೋಗುತ್ತಿರಲಿಲ್ಲ. ಹನ್ನೊಂದು ವರ್ಷದ ಕೆಲಸ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅದು ಅವನಿಗೂ ಗೊತ್ತಿತ್ತು.

“ಹಳೇ ಕಾಲದ ರಾಜ್ಯ ಕಣಮ್ಮ. ಆಗ ಹಂಗೇ ಇತ್ತು,” ಎಂದ ಫರ್ಹಾತ್.

“ಆಗ ಡ್ರ್ಯಾಗನ್ ಇತ್ತಾ ಸ್ವಾಮಿ? ಬರೆದವ್ರಿಗೆ ಅದನ್ನ ಹುಟ್ಟಿಸೋಕೆ ಬಂತು. ಈ ಹುಡುಗೀಗೆ ಒಂದು ಹಿತ್ತಲ ಬಾಗ್ಲು ಇಡೋಕೆ ಬರ್ಲಿಲ್ವಾ?”

ಅವನು ನಕ್ಕು, ಹೆಂಗಸರೇ ಇದನ್ನು ಹೆಚ್ಚು ಕೊಳ್ಳುತ್ತಾರೆ ಎಂದ. ಸಹಿಯ ಹಾಳೆಯನ್ನು ತನ್ನತ್ತ ಎಳೆದು, ಅವಳ ಜಾಗದಲ್ಲಿ ತಾನೇ ಸಹಿ ಹಾಕಿದ. ಸೋಮವಾರದಿಂದ ಬರಬೇಡ ಎಂದು ಅವಳಿಗೆ ಹೇಳಿದ್ದು ಅದೇ ನಗುವಿನಲ್ಲಿ. ನಾನೂ ಮತ್ತೆ ಹೋಗಲಿಲ್ಲ. ನನ್ನದು ಪಿಂಚಣಿ ಬರುವ ಜೀವ, ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ.

ಮಬ್ರೂಕಾ ಈಗ ಬೀಜಗಣಿತದ ಪಠ್ಯಪುಸ್ತಕಗಳ ಕರಡು ತಿದ್ದುತ್ತಾಳೆ. ಸಂಬಳ ಅರ್ಧ. ಆದರೂ ಆ ಮಾಲಿಕೆಯನ್ನು ಬಿಟ್ಟಿಲ್ಲ. ಕಳೆದ ವಾರ ಫೋನ್ ಮಾಡಿದಾಗ ಆರನೆಯ ಸಂಪುಟ ಓದುತ್ತಿದ್ದಳು. ನಲವತ್ತು ಕುದುರೆಗೆ ಹೋದ ಹುಡುಗಿ ಈಗ ರಾಣಿಯಂತೆ, ಎರಡು ಮಕ್ಕಳಂತೆ, ಬಲು ಸುಖಿಯಂತೆ. ಮತ್ತೇಕೆ ಓದುತ್ತೀಯಮ್ಮ ಎಂದೆ.

“ಇನ್ನೂ ನೂರು ಪುಟ ಇದೆ ಮೇಷ್ಟ್ರೇ,” ಎಂದಳು. “ಅವಳು ಓಡಿಹೋದ್ರೂ ಹೋಗ್ಬಹುದು.”