ಬಾಗ್ಲು ತೆಗೆದಿರೋ ಮನೆಗೆ ಎಲ್‌ಸಿಡೀನೇ ಸರಿ

ನಮ್ಮನೆ ಟೀವಿ ಫ್ರೇಮಿನ ಎಡಗಡೆ ಮೂಲೇಲಿ ಒಂದು ಕುಂಕುಮದ ಬೊಟ್ಟಿದೆ ಕಣ್ರೀ. ಆಯುಧಪೂಜೆ ದಿನ ಅಜ್ಜಿ ಇಟ್ಟಿದ್ದು, ಒರೆಸೋ ಧೈರ್ಯ ಯಾರ್ಗೂ ಇಲ್ಲ. ಆ ಟೀವಿ ಹಳೇ ಎಲ್‌ಸಿಡಿ. ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಓಎಲ್‌ಇಡಿ ತಗಳಾಣ ಅಂತ ಚಿಕ್ಕಪ್ಪ ಹೊರಟಾಗ ನಾನು ಅಡ್ಡ ನಿಂತೆ. ಯಾಕಂತ ಕೇಳಿ.

ಹೋದ್ವರ್ಷ ಅದ್ರಲ್ಲಿ ಮಾತು ಕೇಳ್ತಿತ್ತು, ಚಿತ್ರ ಇರ್ಲಿಲ್ಲ. ಸತ್ತೋಯ್ತು ಅಂದ್ರು ಎಲ್ಲಾರೂ. ನಾನು ಮೊಬೈಲ್ ಟಾರ್ಚ್ ಪರದೆಗೆ ಒತ್ತಿ ಹಿಡಿದು ನೋಡಿದ್ರೆ, ಒಳಗಡೆ ಮಸುಕು ಮಸುಕಾಗಿ ಧಾರಾವಾಹಿ ನಡೀತಾನೇ ಇತ್ತು. ಪರದೆ ಹಿಂದಿನ ದೀಪ ಆರಿದೆ, ಅಷ್ಟೇ. ವಿಡಿಯೊ ನೋಡ್ಕಂಡು, ಚಾಪೆ ಮೇಲೆ ಟೀವಿ ಮಲಗಿಸಿ, ದೀಪದ ಪಟ್ಟಿ ಬದಲಾಯಿಸ್ದೆ, ಚಿತ್ರ ಬಂತು. ಎಲ್‌ಸಿಡೀಲಿ ಚಿತ್ರ ಬೇರೆ, ಬೆಳಕು ಬೇರೆ. ಒಂದು ಕೈಕೊಟ್ರೂ ಇನ್ನೊಂದು ಕಾಯ್ಕಂಡಿರುತ್ತೆ. ಓಎಲ್‌ಇಡೀಲಿ ಚುಕ್ಕಿಚುಕ್ಕೀನೂ ತಾನೇ ಉರಿಯುತ್ತೆ, ದಿನವೆಲ್ಲ ಒಂದೇ ಚಾನಲ್ ಇಟ್ರೆ ಅದರ ಗುರುತು ಅಚ್ಚೊತ್ತಿದಂಗೆ ಉಳ್ಕಬೋದು. ನಮ್ಮಜ್ಜಿ ಚಾನಲ್ ಬದಲಾಯಿಸಿದ್ದನ್ನ ನಾನಂತೂ ನೋಡಿಲ್ಲ.

ಚಿಕ್ಕಪ್ಪ ಕೇಳ್ಬೇಕಲ್ಲ. "ನಾಕು ಸ್ಕ್ರೂ ಬಿಚ್ಚಿದ್ರೆ ಮೆಕ್ಯಾನಿಕ್ ಆಗೋಯ್ತೀಯೇನಮ್ಮಿ?" ಅಂತ ನಕ್ಕು, ಹಾಸನದ ಗೆಳೆಯನ ಅಂಗಡಿಯಿಂದ ಹೊಸ ಓಎಲ್‌ಇಡಿ ಒಂದನ್ನ ನೋಡೋಕೆ ಅಂತ ತಂದು ಹಾಲಲ್ಲಿ ಕೂರಿಸಿದ್ರು. ಕತ್ಲೇಲಿ ಅದು ಚೆಂದ, ಸುಳ್ಳೇಳಲ್ಲ. ಆದ್ರೆ ಚನ್ನರಾಯಪಟ್ಟಣದ ನಮ್ಮನೆ ಸಿನಿಮಾ ಥಿಯೇಟರಲ್ಲ. ಹಗಲೊತ್ತು ಬೀದಿಬಾಗ್ಲು ಹಾಕೋ ಪದ್ಧತೀನೇ ನಮ್ಮಲ್ಲಿಲ್ಲ. ತೆಂಗಿನಕಾಯಿ ವ್ಯಾಪಾರದೋರು, ಅಕ್ಕಪಕ್ಕದೋರು ಎಲ್ಲಾ ಕೇಳ್ದೇನೇ ಒಳಗೆ ಬತ್ತಾರೆ, ಅವರ ಹಿಂದೇನೇ ಬಿಸಿಲೂ ಬತ್ತದೆ. ಮಾರನೇ ಬೆಳಗ್ಗೆ ಆ ಮಿರಮಿರ ಮಿಂಚೋ ಪರದೇಲಿ ಧಾರಾವಾಹಿ ಕಾಣ್ಲಿಲ್ಲ, ನಮ್ಮ ಬೀದಿ ಕಾಣ್ತು. ಎದುರುಮನೆ ಸಾವಿತ್ರಕ್ಕ ಮೆಟ್ಲು ಹತ್ತಿದ್ದನ್ನ ಅದ್ರಲ್ಲೇ ಕಂಡು, ಬಾಗ್ಲಿಗೆ ಬೆನ್ನಾಕಿ ಕೂತಿದ್ದ ಅಜ್ಜಿ ಟೀವಿಗೇ "ಬಾರವ್ವ, ಕೂತ್ಕೊ" ಅಂದ್ರು. ನಾನು ನಕ್ಬುಟ್ಟೆ. ಚಿಕ್ಕಪ್ಪನಿಗೆ ರೇಗೋಯ್ತು, ಎದ್ದೋಗಿ ಹಿಂದುಮುಂದು ನೋಡ್ದಂಗೆ ಬಾಗ್ಲು ಹಾಕಿದ್ರು. ಸಾವಿತ್ರಕ್ಕನ ಮುಖಕ್ಕೇ. ಚಪ್ಪಲಿ ಸದ್ದು ಮೆಟ್ಲಿಳಿದು ವಾಪಸ್ ಹೋಗಿದ್ದು ನಮಗೆಲ್ಲಾ ಕೇಳುಸ್ತು.

ಅಜ್ಜಿ ಜೋರೇನೂ ಮಾಡ್ಲಿಲ್ಲ. "ತೆಗಿಯೋ ಬಾಗ್ಲ. ಬಂದೋರ್ನ ಆಚೆ ನಿಲ್ಸಿ ನೋಡೋ ಟೀವಿ ನಂಗ್ಬ್ಯಾಡ ಕಣ್ಲಾ."

ಸಾವಿತ್ರಕ್ಕನ್ನ ಚಿಕ್ಕಪ್ಪನೇ ಹೋಗಿ ಕರ್ಕಂಬಂದ್ರು. ಹೊಸಾದು ಹಾಸನಕ್ಕೆ ವಾಪಸ್ ಹೋಯ್ತು, ನಮ್ಮದು ಜಾಗಕ್ಕೆ ಬಂತು. ಅದರ ಕಪ್ಪು ಸ್ವಲ್ಪ ಬೂದಿಬಣ್ಣ, ಇರ್ಲಿ ಬಿಡಿ. ಅದರ ಮಂಕು ಪರದೆ ಮೇಲೆ ಬಿಸಿಲು ಬಿದ್ರೂ ಚಿತ್ರ ಕಾಣುತ್ತೆ, ಬಾಗ್ಲು ತೆಗ್ದೇ ಇರುತ್ತೆ. ಅಂಗಡಿಯೋರು ಬೇಕಾದ್ದು ಹೇಳ್ಕಳ್ಳಿ.

ಆವತ್ತು ಅಜ್ಜಿ ಮಾಸಿದ ಬೊಟ್ಟಿನ ಮೇಲೆ ಹೊಸ ಬೊಟ್ಟಿಟ್ರು. ಆಮೇಲೆ ಕುಂಕುಮದ ಬೆರಳನ್ನ ಹಂಗೇ ಎತ್ತಿ ಹಿಡ್ಕಂಡು, ನಿನ್ ಸ್ಕ್ರೂಡ್ರೈವರ್ ಎಲ್ಲಮ್ಮಿ ಅಂತ ಕೇಳಿದ್ರು.