ಕಾಡಿನ ಜಲ್ಲಿದಾರಿಯ ಪುಕ್ಕಲಮ್ಮ

ಆಸ್ಪತ್ರೆಯ ಬಟ್ಟೆಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ದಿನ ಗುಮಾಸ್ತರು ಆ ಹೆಸರನ್ನು ಕೂಗಿದರೆ ಅವಳೂ ಉಳಿದವರಂತೆ ಸುತ್ತಮುತ್ತ ನೋಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಪುಕ್ಕಲಮ್ಮ. ಹಗ್ಗ ಕಂಡು ಹಾವೆನ್ನುವವರು ಎಲ್ಲೆಡೆಯೂ ಇದ್ದಾರೆ, ಇವಳು ಹಗ್ಗವೇ ಇಲ್ಲದ ಕಡೆಯೂ ಹಾವು ಕಾಣುವವಳು ಎಂದು ಜೊತೆಯವರು ನಗುತ್ತಿದ್ದರು. ನೀರು ಕಾಯಿಸುವ ದೊಡ್ಡ ಹಂಡೆ ಸುಯ್ಯೆಂದರೆ ಇವಳು ಬಾಗಿಲ ಬಳಿ ಇರುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಆರಿಸಿ ಗೇಟಿನವರೆಗೆ ಹೋದ ಮೇಲೂ ಹಿಂದಿರುಗಿ ಬಂದು ಅದರ ವಯರನ್ನು ಮುಟ್ಟಿ ನೋಡುತ್ತಿದ್ದಳು.

ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಹರೆಯದಲ್ಲಿ ಅಣ್ಣನ ಸೈಕಲ್ಲಿನ ಹಿಂದೆ ಕುಳಿತು ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಲಾರಿಯೊಂದು ಬಂದು ತಗುಲಿತು. ಅಣ್ಣ ಅಲ್ಲೇ ತೀರಿಕೊಂಡ. ಇವಳು ಪಕ್ಕದ ಹುಲ್ಲಿನಲ್ಲಿ ಬಿದ್ದು ಮೊಣಕೈ ತರಚಿಕೊಂಡು ಎದ್ದಳು. ಅಂದಿನಿಂದ ಹೆದ್ದಾರಿಯ ಕಡೆ ಮುಖ ಹಾಕಿದವಳಲ್ಲ. ಅಣ್ಣನ ಹೆಂಡತಿ ಮಾತ್ರ ಇವಳನ್ನು ಒಂದು ದಿನವೂ ದೂರಲಿಲ್ಲ. “ನೀನಾದ್ರೂ ಉಳಿದೆಯಲ್ಲ” ಎಂದು ಒಮ್ಮೆ ಹೇಳಿದ್ದಳು, ಅಷ್ಟೇ. ಅತ್ತಿಗೆ, ನಾದಿನಿ ಇಬ್ಬರೇ ಎರಡು ಕೋಣೆಯ ಮನೆಯಲ್ಲಿ ಉಳಿದರು. ಅತ್ತಿಗೆಯೂ ಅದೇ ಬಟ್ಟೆಮನೆಯಲ್ಲಿ ಹರಿದ ಹೊದಿಕೆಗಳನ್ನು ಹೊಲಿಯುತ್ತಿದ್ದಳು. ದೊಡ್ಡ ಹಾಸುಬಟ್ಟೆಯನ್ನು ಮಡಿಸಲು ಎರಡು ಕಡೆ ಇಬ್ಬರು ಬೇಕು. ಈ ಜೋಡಿ ಮಡಿಸಿದ ಬಟ್ಟೆಯ ಅಂಚು ಎಂದೂ ಓರೆಯಾದದ್ದಿಲ್ಲ.

ಆಸ್ಪತ್ರೆಗೆ ಹೋಗಲು ಹೆದ್ದಾರಿ ಬಿಟ್ಟರೆ ಕಾಡಿನ ಜಲ್ಲಿದಾರಿಯೊಂದೇ ಇತ್ತು. ಹಿಂದಿನ ದೊಡ್ಡ ಯುದ್ಧದಲ್ಲಿ ಫಿರಂಗಿಗಳಿಗೆ ಗುಂಡು ಸಾಗಿಸಲು ಅಲ್ಲಿ ರೈಲುಕಂಬಿ ಹಾಸಿದ್ದರಂತೆ. ಯುದ್ಧ ಮುಗಿಯಿತು, ಕಂಬಿಯನ್ನು ಕಿತ್ತರು, ಜಲ್ಲಿ ಉಳಿಯಿತು. ಮೋಟಾರು ಗಾಡಿಗೆ ಅಲ್ಲಿ ಪ್ರವೇಶವಿಲ್ಲ. ಎರಡು ಬದಿಯಲ್ಲೂ ತರಗೆಲೆ ತುಂಬಿದ ಕಂದಕಗಳು, ಪಾಚಿ ಹಿಡಿದ ಕಾವಲುಗೂಡುಗಳು. ಅಲ್ಲಿಯ ಮರಗಳ ಮೈಯೊಳಗೆ ಕಬ್ಬಿಣದ ಚೂರುಗಳಿವೆಯೆಂದು ಮರ ಕೊಯ್ಯುವವರೂ ಅವನ್ನು ಮುಟ್ಟುತ್ತಿರಲಿಲ್ಲ. ಈ ದಾರಿಯಲ್ಲೇ ಅತ್ತಿಗೆ ಇವಳಿಗೆ ಸೈಕಲ್ ಕಲಿಸಿದ್ದಳು. “ಇಲ್ಲಿ ನಿನ್ನ ಮೇಲೆ ಬೀಳೋಕೆ ಎಲೆ ಬಿಟ್ರೆ ಬೇರೇನೂ ಇಲ್ಲ ಕಣೇ, ತುಳಿ!” ಎಂದು ಹಿಂದಿನಿಂದ ನೂಕಿದ್ದಳು.

ಆದರೆ ಪುಕ್ಕಲಮ್ಮನಿಗೆ ಅಲ್ಲಿಯೂ ಹೆದರಿಕೆಗೊಂದು ವಸ್ತು ಸಿಕ್ಕಿತು. ಕಾಡಿನ ಬಾಯಲ್ಲಿ ಅರಣ್ಯ ಇಲಾಖೆಯವರು ನೆಟ್ಟ ಫಲಕದಲ್ಲಿ ಸಿಡಿಯದೆ ಉಳಿದ ಗುಂಡು, ನೆಲಬಾಂಬುಗಳ ಚಿತ್ರಗಳಿದ್ದವು. ಜಲ್ಲಿ ಬಿಟ್ಟು ಕೆಳಗಿಳಿಯಬೇಡಿ, ಕಬ್ಬಿಣ ಕಂಡರೆ ಮುಟ್ಟಬೇಡಿ ಎಂದು ಬರೆದಿತ್ತು. ಇವಳು ದಿನವೂ ಇಳಿದು ಅದನ್ನು ಓದುತ್ತಿದ್ದಳು. ದಾರಿಯಲ್ಲಿ ತುಕ್ಕು ಹಿಡಿದ ಡಬ್ಬಿ ಕಂಡರೂ “ಅತ್ತಿಗೆ, ನಿಲ್ಲಿ!” ಎಂದು ಚೀರುತ್ತಿದ್ದಳು. ಹಳೆಯ ಬಕೆಟ್ಟಿನ ಹಿಡಿ, ಯಾರದೋ ಬೂಟಿನ ಲಾಳ, ಹೀಗೆ ಇವಳು ಕಂಡುಹಿಡಿದ ಬಾಂಬುಗಳಿಗೆ ಲೆಕ್ಕವೇ ಇರಲಿಲ್ಲ.

ಆ ಸಲ ಮಳೆ ಬಿಡದೆ ಸುರಿದು ನಿಂತಿತ್ತು. ಕಂದಕದ ದಂಡೆಗಳು ಅಲ್ಲಲ್ಲಿ ಕುಸಿದಿದ್ದವು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಇಬ್ಬರೂ ಹಿಂದಿರುಗುತ್ತಿದ್ದರು. ಪುಕ್ಕಲಮ್ಮನ ಸೈಕಲ್ಲಿನ ಚೈನು ಕಳಚಿತು. ಅವಳು ಕುಳಿತು ಚೈನು ಹಾಕುವಷ್ಟರಲ್ಲಿ ಮುಂದೆ ಹೋಗಿದ್ದ ಅತ್ತಿಗೆ ಸೈಕಲ್ ನಿಲ್ಲಿಸಿ, ಕ್ಯಾರಿಯರಿನ ಮೇಲೆ ಹತ್ತಿ ಕುಳಿತು, ಕಾಲಾಡಿಸುತ್ತ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು.

ಜಲ್ಲಿಯಲ್ಲಿ ಸೈಕಲ್ಲಿನ ಸ್ಟ್ಯಾಂಡು ಹೂತು ವಾಲುತ್ತದೆ. ಆ ದಾರಿಯಲ್ಲಿ ಓಡಾಡುವವರೆಲ್ಲ ಸ್ಟ್ಯಾಂಡಿನ ಕಾಲಿಗೆ ಚಪ್ಪಟೆ ಕಲ್ಲೊಂದನ್ನು ಕೊಟ್ಟು ನಿಲ್ಲಿಸುವುದು ರೂಢಿ. ಚೈನಿನ ಎಣ್ಣೆಯನ್ನು ಎಲೆಗೆ ಒರೆಸುತ್ತ ಬಂದ ಪುಕ್ಕಲಮ್ಮ ಅತ್ತಿಗೆ ಸ್ಟ್ಯಾಂಡಿಗೆ ಕೊಟ್ಟಿದ್ದ ಕಲ್ಲನ್ನು ನೋಡಿದಳು. ಅದು ಕಲ್ಲಾಗಿರಲಿಲ್ಲ. ಊಟದ ತಟ್ಟೆಯಷ್ಟು ಅಗಲದ ದುಂಡು ಕಬ್ಬಿಣ. ಅಂಚಿನಲ್ಲಿ ಒಂದು ಬಳೆ, ನಡುವೆ ಉಬ್ಬಿದ ಬಿರಡೆ. ಫಲಕದ ಮೇಲಿನ ಸಾಲಿನ ಕೊನೆಯ ಚಿತ್ರ ಜೀವಂತವಾಗಿ ಬಂದು ಅಲ್ಲಿ ಕುಳಿತಿತ್ತು.

ಚೀರಬೇಕೆಂದರೆ ದನಿ ಹೊರಡಲಿಲ್ಲ.

“ಅತ್ತಿಗೆ,” ಎಂದಳು ಮೆಲ್ಲಗೆ. “ಅಲ್ಲಾಡಬೇಡಿ.”

“ಯಾಕೆ, ಬೆನ್ನ ಮೇಲೆ ಹುಳ ಇದ್ಯಾ?”

“ಸ್ಟ್ಯಾಂಡಿನ ಕೆಳಗೆ ಏನಿಟ್ಟಿದ್ದೀರಿ?”

“ದಂಡೆ ಕುಸಿದಲ್ಲಿ ಬಿದ್ದಿತ್ತು. ಕಾಲಲ್ಲಿ ಒದ್ದು ತಂದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ ನೋಡು.” ಅತ್ತಿಗೆ ನಕ್ಕಳು. “ಶುರುವಾಯ್ತಾ ನಿನ್ನ ಬಾಂಬಿನ ಕಥೆ? ಬಾಂಬಾಗಿದ್ರೆ ಒದ್ದಾಗ್ಲೇ ನಾನು ನಿಮ್ಮಣ್ಣನ ಹತ್ರ ಹೋಗಿರ್ತಿದ್ದೆ. ತಗೋ, ಮೊಟ್ಟೆ ತಿನ್ನು.”

ಇಳಿಯಲೆಂದು ಅತ್ತಿಗೆ ಒಂದು ಕಾಲನ್ನು ಕೆಳಗೆ ಚಾಚಿದಳು. ಕಬ್ಬಿಣ ಕಿರ್‍ ಎಂದಿತು. ಪುಕ್ಕಲಮ್ಮ ಮಂಡಿಯೂರಿ ಕುಸಿದು ಎರಡು ಕೈಗಳನ್ನೂ ಜೋಡಿಸಿದಳು.

“ಡಬ್ಬಿ ನೋಡಿ ಕೂಗಿದ್ದೆಲ್ಲ ಸುಳ್ಳು ಅತ್ತಿಗೆ. ಬಕೆಟ್ಟೂ ಸುಳ್ಳು. ಇದೊಂದು ಸಲ ನಂಬಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅತ್ತಿಗೆ ಅವಳ ಮುಖವನ್ನು ನೋಡಿದಳು. ಎಂದಿನ ಗಾಬರಿಯಾಗಿದ್ದರೆ ಅವಳು ಇಷ್ಟು ಹೊತ್ತಿಗೆ ದೂರ ಓಡಿರಬೇಕಿತ್ತು. ಓಡಿರಲಿಲ್ಲ. ಬಿಳುಪೇರಿದ ಮುಖ ಹೊತ್ತು ಬಾಂಬಿನಿಂದ ಕೈಯಳತೆಯಲ್ಲೇ ಕುಳಿತಿದ್ದಳು. ಅತ್ತಿಗೆ ಚಾಚಿದ ಕಾಲನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಮೊಟ್ಟೆ ಕೈಯಲ್ಲೇ ಉಳಿಯಿತು.

“ಈಗೇನು ಮಾಡೋದು?” ಆ ದನಿಯನ್ನು ಪುಕ್ಕಲಮ್ಮ ಅದುವರೆಗೆ ಕೇಳಿರಲಿಲ್ಲ.

ಕೈಗೊಂದು ಫೋನು ಬಂದಿರದ ಕಾಲ. ಕಾಡಿನ ದಾರಿ ಹಿಡಿದು ಊರು ಸೇರಿ ಯಾರನ್ನಾದರೂ ಕರೆತರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಪಕ್ಕದ ಕಾಲುಹಾದಿ ಹತ್ತಿದರೆ ಹೆದ್ದಾರಿ ಸಮೀಪ, ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಪೊಲೀಸ್ ಠಾಣೆ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

“ನಾನು ಹೋಗ್ತೀನಿ,” ಎಂದಳು ಪುಕ್ಕಲಮ್ಮ ಕೊನೆಗೆ. “ನೀವು ಉಸಿರು ಜೋರಾಗಿ ಬಿಡಬೇಡಿ.”

“ಹೋಗು. ಬೇಗ ಬಾ. ಕೆಮ್ಮು ಬಂದ್ರೆ ಏನು ಮಾಡ್ಲಿ?”

“ನುಂಗಿ!”

ಹೆದ್ದಾರಿಯ ಅಂಚಿಗೆ ಬಂದು ಅವಳು ನಿಂತಳು. ಲಾರಿಗಳು ಒಂದರ ಹಿಂದೊಂದು ಗಾಳಿಯನ್ನು ಹರಿದುಕೊಂಡು ಹೋಗುತ್ತಿದ್ದವು. ಸೈಕಲ್ ಹತ್ತಲು ಹೋದಳು, ಆಗಲಿಲ್ಲ. ನಡೆಯಲು ಹೋದಳು, ಅದೂ ಆಗಲಿಲ್ಲ. ಹಾರ್ನ್ ಕೇಳಿದಾಗಲೆಲ್ಲ ಹುಲ್ಲಿನ ಕಡೆ ಸರಿಯುತ್ತಿದ್ದಳು. ಮುಂದೆ ಹೋಗುವ ಧೈರ್ಯವಿಲ್ಲ, ಹಿಂದೆ ಹೋಗುವಂತಿಲ್ಲ. ಹೊತ್ತು ಕಳೆಯುತ್ತಿತ್ತು. ಆಗ ಅವಳು ಬುದ್ಧಿ ನೆಟ್ಟಗಿರುವವರು ಮಾಡದ ಕೆಲಸವೊಂದನ್ನು ಮಾಡಿದಳು. ಸೈಕಲ್ಲನ್ನು ರಸ್ತೆಗೆ ಅಡ್ಡಲಾಗಿ ಮಲಗಿಸಿ, ಅದರ ಪಕ್ಕದಲ್ಲಿ ಕಣ್ಣುಮುಚ್ಚಿ ನಿಂತುಬಿಟ್ಟಳು.

ಬ್ರೇಕಿನ ಕಿರುಚು ಎದೆಯನ್ನು ಸೀಳಿತು. ಸುಟ್ಟ ರಬ್ಬರಿನ ವಾಸನೆ ಬಂತು. ಕಣ್ಣು ತೆರೆದಾಗ ಲಾರಿಯ ಮೂತಿಯ ಬಿಸಿ ಮುಖಕ್ಕೆ ತಾಗುತ್ತಿತ್ತು.

“ಸಾಯೋಕೆ ನನ್ನ ಲಾರೀನೇ ಬೇಕಿತ್ತೇನಮ್ಮಾ?” ಎಂದು ಕೂಗುತ್ತ ಚಾಲಕ ಇಳಿದ.

“ಬೈಯೋದಿದ್ರೆ ಹತ್ತಿಸ್ಕೊಂಡು ಬೈಯಿರಿ. ನಮ್ಮತ್ತಿಗೆ ಬಾಂಬಿನ ಮೇಲೆ ಕೂತಿದ್ದಾರೆ!”

ಚಾಲಕ ಸೈಕಲ್ಲನ್ನು ಲಾರಿಯ ಹಿಂಭಾಗಕ್ಕೆ ಎಸೆದು, ಅವಳನ್ನು ಕೈಹಿಡಿದು ಮೇಲಕ್ಕೆಳೆದುಕೊಂಡ. ಠಾಣೆ ಬರುವವರೆಗೂ ಅವಳು ಸೀಟಿನ ಅಂಚನ್ನು ಬಿಡಲಿಲ್ಲ.

ಬಾಂಬು ತೆಗೆಯುವ ಮಿಲಿಟರಿಯವರು ಬಂದಾಗ ಬಿಸಿಲು ಮರಗಳ ತುದಿಗೆ ಏರಿತ್ತು. ಇವಳನ್ನು ದೂರದಲ್ಲೇ ತಡೆದು ನಿಲ್ಲಿಸಿದರು. ಅಲ್ಲಿಂದ ಅತ್ತಿಗೆ ಅಂಗೈಯಷ್ಟಾಗಿ ಕಾಣುತ್ತಿದ್ದಳು. ಹೊಟ್ಟೆಯ ಮೇಲೆ ನೆಲದಲ್ಲಿ ತೆವಳಿಕೊಂಡು ಹೋದ ಹವಾಲ್ದಾರ ಕಬ್ಬಿಣವನ್ನು ನೋಡಿ, ಕೈಯೆತ್ತಿ ಉಳಿದವರೆಲ್ಲರನ್ನೂ ಇನ್ನಷ್ಟು ಹಿಂದಕ್ಕೆ ಸರಿಸಿದ. ಒತ್ತಿದ್ದು ಸಡಿಲವಾದರೂ ಅದು ಸಿಡಿಯಬಹುದು, ಅದಕ್ಕೇ ಇಳಿಯುವವಳ ಭಾರ ಕಡಿಮೆಯಾದಷ್ಟೂ ಮರಳಿನ ಚೀಲಗಳ ಭಾರ ಏರಬೇಕು. ಅವನು ಒಂದೊಂದೇ ಚೀಲವನ್ನು ಕ್ಯಾರಿಯರಿಗೆ ಏರಿಸಿದ. ಅತ್ತಿಗೆ ಇಂಚಿಂಚಾಗಿ ಜಾರಿದಳು. ಪುಕ್ಕಲಮ್ಮ ಸೆರಗನ್ನು ಕಚ್ಚಿಕೊಂಡು ನಿಂತಿದ್ದಳು. ಅತ್ತಿಗೆಯ ಕಾಲು ನೆಲ ಮುಟ್ಟಿತು. ಜೋಮು ಹಿಡಿದ ಕಾಲು ಮಡಚಿಕೊಂಡಿತು. ಹವಾಲ್ದಾರ ಅವಳ ಸೊಂಟ ಹಿಡಿದು, ಅರ್ಧ ಹೊತ್ತು ಅರ್ಧ ಎಳೆದುಕೊಂಡು ಬಂದ.

“ಟ್ಯಾಂಕಿಗೆ ಅಂತ ಹೂತಿಟ್ಟದ್ದು,” ಎಂದ ಅವನು ಬೆವರು ಒರೆಸಿಕೊಳ್ಳುತ್ತ. “ನಿಮ್ಮ ಭಾರ ಅದಕ್ಕೆ ಸಾಲಲಿಲ್ಲ. ಆದರೆ ತುಕ್ಕು ಹಿಡಿದದ್ದು ಯಾವಾಗ ಎಷ್ಟಕ್ಕೆ ಸಿಡಿಯುತ್ತೆ ಅಂತ ಹೇಳೋರು ಯಾರೂ ಇಲ್ಲ.”

ಎಲ್ಲರನ್ನೂ ತಿರುವಿನಾಚೆ ಕಳುಹಿಸಿ ಅದನ್ನು ಅಲ್ಲೇ ಸಿಡಿಸಿದರು. ಸದ್ದಿಗೆ ಕಾಡಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕಾಲಡಿಯ ಜಲ್ಲಿ ನಡುಗಿತು. ಮೇಲೆ ಹೋದ ಮಣ್ಣು ಬಹಳ ಹೊತ್ತು ಎಲೆಗಳ ಮೇಲೆ ಉದುರುತ್ತಿತ್ತು. ಅತ್ತಿಗೆಯ ಸೈಕಲ್ಲಿನದೆಂದು ಗುರುತಿಸುವಂಥ ಒಂದು ಚೂರೂ ಸಿಗಲಿಲ್ಲ.

ಪೊಲೀಸರು ಜೀಪಿನಲ್ಲಿ ಮನೆಗೆ ಬಿಡುತ್ತೇವೆಂದರು. ಅತ್ತಿಗೆ ಬೇಡವೆಂದಳು. ಇಬ್ಬರೂ ಉಳಿದ ಒಂದು ಸೈಕಲ್ಲನ್ನು ನೂಕಿಕೊಂಡು, ಜಲ್ಲಿಯ ನಟ್ಟನಡುವೆ ನಡೆದರು. ಪಕ್ಕದಲ್ಲಿ ಒಣಕಡ್ಡಿಯೊಂದು ಮುರಿದ ಸದ್ದಾಯಿತು. ಅತ್ತಿಗೆ ಬೆಚ್ಚಿ ನಾದಿನಿಯ ತೋಳು ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ.

“ನೀನು ದಿನಾ ಹೀಗೇ ಇರ್ತೀಯೇನೇ?” ಎಂದು ಕೇಳಿದಳು.

“ದಿನಾ ಇಲ್ಲ,” ಎಂದಳು ಪುಕ್ಕಲಮ್ಮ. “ನೀವು ಮುಂದೆ ಹೋಗ್ತಿದ್ರೆ ಸ್ವಲ್ಪ ಕಡಿಮೆ.”

ಅಂದು ಅತ್ತಿಗೆ ಮುಂದೆ ಹೋಗಲಿಲ್ಲ, ತೋಳು ಹಿಡಿದೇ ಪಕ್ಕದಲ್ಲಿ ನಡೆದಳು.