ಮೂರು ಮೊಳ ಮಲ್ಲಿಗೆ

ಮಗುವನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಬೆಳಿಗ್ಗೆ, ಮನೆ ಒಡತಿ ನಾರಾಯಣಮ್ಮ ಮೂರು ಮೊಳ ಮಲ್ಲಿಗೆ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಬಾಳೆಲೆಯಲ್ಲಿ ಸುತ್ತಿದ್ದ, ಆಗ ತಾನೇ ಕಟ್ಟಿದ ಹೂವು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮೂರಾಗ ಸತ್ತವರ ಮನಿಗೆ ಹೂ ಮುಡಸಾಕ ಬರ್ತೀರೇನ್ರಿ?" ಎಂದು ಕೂಗಿ, ಪೊಟ್ಟಣ ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಅವರು ಬಗ್ಗಿ ಹೂವನ್ನು ಎತ್ತಿಕೊಂಡು, ಮಣ್ಣು ಕೊಡವಿ, ಮೆಟ್ಟಿಲ ಮೇಲೆ ಕುಳಿತರು.

ಆಗ ನಾವು ಗೌರಿಬಿದನೂರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ಬಸವರಾಜನಿಗೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಸಿಂದಗಿ ಕಡೆಯ ನಮ್ಮವರು ಇದನ್ನು ಓದುತ್ತಿದ್ದರೆ ನಗಬೇಡಿ, ಕರ್ನಾಟಕದೊಳಗೇ ಇದ್ದುಕೊಂಡು ಪರದೇಶಿಯಾಗಬಹುದು. ಬಂದ ಹೊಸದರಲ್ಲಿ ಮೂರು ಕಡೆ ನಮಗೆ ಮನೆ ಸಿಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಜಾಸ್ತಿ ಅಂತೆ! ಮಾತಿನ ಗಡಸು ಕೇಳಿ ಜಗಳಕ್ಕೇ ಬಂದಿದ್ದೇನೆಂದುಕೊಂಡವರೂ ಇದ್ದರು. ಅವರ ಮಾತಾದರೋ ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿಯಿತೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ಮನೆ ನಾರಾಯಣಮ್ಮನವರದು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಿಯಾದ ಹೆಂಗಸು, ಗಂಡ ತೀರಿಕೊಂಡಿದ್ದರು. "ರೊಟ್ಟಿ ಬಡೀತೀನ್ರಿ ನಾನು" ಎಂದು ಮೊದಲೇ ಹೇಳಿಬಿಟ್ಟೆ. "ಪರ್ವಾಲೇದು" ಎಂದರು. ಪರವಾಗಿಲ್ಲ ಎನ್ನುವುದಕ್ಕೆ ತೆಲುಗಿನ ಮಾತು. ನಾನು ಕಲಿತ ಮೊದಲ ತೆಲುಗು ಅದೇ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ನಾನು ಹೋಗುವವರೆಗೂ ನನ್ನ ಮಗಳು ಕಾಯಲಿಲ್ಲ, ತಿಂಗಳು ತುಂಬುವ ಮೊದಲೇ ಇಲ್ಲಿಯೇ ಹುಟ್ಟಿದಳು. ಅಪ್ಪ ಹಾಸಿಗೆ ಹಿಡಿದಿದ್ದರಿಂದ ಅವ್ವ ಬರುವಂತಿರಲಿಲ್ಲ. ಹಾಲು ಹೆಚ್ಚಲೆಂದು ಬಾಣಂತಿಗೆ ತಿನ್ನಿಸುವ ಅಂಟಿನುಂಡಿ, ಅಳವಿ ಎಲ್ಲ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದಳು, ಜೊತೆಗೆ ದಿನಕ್ಕೆ ನಾಲ್ಕು ಸಲ ಫೋನು.

ಹಾಲು ಸಾಲುತ್ತಿರಲಿಲ್ಲ. ಮಗು ಎದೆಗೆ ಬಾಯಿ ಹಾಕುತ್ತಿತ್ತು, ಎರಡು ಗುಟುಕು ಎಳೆದು ಬೆವರುತ್ತಿತ್ತು, ನಿದ್ದೆ ಹೋಗುತ್ತಿತ್ತು. ತೂಕ ಇಳಿಯುತ್ತಿತ್ತು. ಎದುರು ಮನೆಯಾಕೆ ಸಬ್ಬಸಿಗೆ ಸೊಪ್ಪು ತಿನ್ನಲಿಲ್ಲವಾ ಎಂದರು, ಪಕ್ಕದ ಮನೆಯಾಕೆ ನೀರು ಜಾಸ್ತಿ ಕುಡಿದೆಯಾ ಎಂದರು. ನೋಡಲು ಬಂದವರೆಲ್ಲ ಮೊದಲು ನನ್ನ ಎದೆ ನೋಡಿ ಆಮೇಲೆ ಮಗುವಿನ ಮುಖ ನೋಡುತ್ತಿದ್ದರು. ಅವ್ವ ಫೋನಿನಲ್ಲಿ ಲೆಕ್ಕ ಕೇಳುತ್ತಿದ್ದಳು. "ಎಷ್ಟ ಉಂಡಿ ತಿಂದಿ? ದಿನಾ ತಿಂದ್ರ ಹಾಲ್ ಯಾಕ ಬರೂದಿಲ್ಲ? ನಮ್ಮ ವಂಶದಾಗ ಹಾಲ್ ಇಲ್ದಾಕಿ ಒಬ್ಬಾಕೀನೂ ಹುಟ್ಟಿಲ್ಲ."

ನಾರಾಯಣಮ್ಮ ಮಾತ್ರ ಹಾಲಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ನೀನು ಮಲಗಿದ್ಯಾಮ್ಮಾ?" ಎನ್ನುವರು. "ಊಟ ಆಯ್ತಾ?" ಎನ್ನುವರು. ಮಗುವನ್ನು ಎತ್ತಿಕೊಂಡು "ಏಮ್ಮಾ ಬಂಗಾರು" ಎಂದು ಮಾತಾಡಿಸುವರು. ಹೆಸರಿಡುವ ಶಾಸ್ತ್ರ ಇನ್ನೂ ಆಗಿರಲಿಲ್ಲವಾದ್ದರಿಂದ ಬೀದಿಗೆಲ್ಲ ಅವಳು ಬಂಗಾರು ಆದಳು. ನಾನೊಂದು ದಿನ ಅತ್ತುಕೊಂಡು, ಡಾಕ್ಟರು ಡಬ್ಬಿ ಹಾಲು ಕೊಡಲು ಹೇಳಿದ್ದಾರೆ, ಅವ್ವನಿಗೆ ಗೊತ್ತಾದರೆ ಕೊಂದೇ ಹಾಕುತ್ತಾಳೆ ಎಂದಾಗ, ಅವರು ತಮ್ಮ ಮನೆಯಿಂದ ಒಂದು ಹಿತ್ತಾಳೆಯ ಒಳಲೆ ತಂದರು. ಒಳಲೆ ನಮ್ಮ ಕಡೆಯೂ ಉಂಟು, ಹಾಲು ಹನಿಸಲು ತುದಿ ಚೂಪಾಗಿರುವ ಪುಟ್ಟ ಬಟ್ಟಲು. ಆದರೆ ಅದನ್ನು ಅವರು ನನ್ನ ಕೈಗೆ ಕೊಡಲಿಲ್ಲ.

"ಬಸಣ್ಣಾ, ನೀವು ಬನ್ನಿ. ಕೈ ಸೋಪಾಕಿ ತೊಳ್ಕೊಂಡು ಬನ್ನಿ."

"ನಾನಾ?" ಬಸವರಾಜ ನನ್ನ ಮುಖ ನೋಡಿದ.

"ಇನ್ಯಾರು? ಎದೆಹಾಲು ಕೊಡೋದು ಅವಳೊಬ್ಬಳ ಕೈಲೇ ಆಗೋದು. ಇದು ನಿಮ್ಮ ಕೈಲೂ ಆಗುತ್ತೆ ಕಣಪ್ಪಾ. ಅವಳು ಸ್ವಲ್ಪ ಒರಗಲಿ."

ಕುದಿಸಿದ ನೀರಿನಲ್ಲಿ ಒಳಲೆ ತೊಳೆಯುವುದು, ಮಗುವಿನ ತಲೆ ಸ್ವಲ್ಪ ಎತ್ತಿ ಹಿಡಿಯುವುದು, ತುಟಿಯ ಅಂಚಿಗೆ ತಾಗಿಸಿ ಅದು ನುಂಗುವವರೆಗೂ ಕಾಯುವುದು, ಎಲ್ಲ ಹೇಳಿಕೊಟ್ಟರು. ನಾನು ಹಿಂಡಿದ ನಾಲ್ಕು ಚಮಚ ಹಾಲು ಮೊದಲು, ಡಬ್ಬಿಯದು ಆಮೇಲೆ. ಪಾಳಿ ಮುಗಿಸಿ ಮಧ್ಯಾಹ್ನ ಬಂದವನೇ ಬಸವರಾಜ ಮೊಣಕೈವರೆಗೂ ತೊಳೆದುಕೊಂಡು ಚಾಪೆಯ ಮೇಲೆ ಕೂರುತ್ತಿದ್ದ. ಕಿಟಕಿಯಲ್ಲಿ ನೋಡಿದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಮ್ಮೂರಲ್ಲಾಗಿದ್ದರೆ ಅವನನ್ನು ಊರು ಬಿಡಿಸುವವರೆಗೂ ಆಡಿಕೊಳ್ಳುತ್ತಿದ್ದರು. ಅವನಿಗೆ ಅದರ ಗೊಡವೆಯೇ ಇರಲಿಲ್ಲ. ಮಗು ನುಂಗಿದಾಗೊಮ್ಮೆ "ಆತು, ಇನ್ನೊಂದ್" ಎನ್ನುತ್ತಿದ್ದ.

ಹದಿನೈದನೆಯ ದಿನ ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹೃದಯದಲ್ಲಿ ತೂತಿದೆ, ಅದಕ್ಕೇ ಹಾಲೆಳೆಯಲು ಶಕ್ತಿಯಿಲ್ಲ, ಬೆಂಗಳೂರಿಗೆ ಬರೆದುಕೊಡುತ್ತೇನೆ ಎಂದರು. ಅಲ್ಲಿಗೆ ಹೋಗಲು ದಿನ ಗೊತ್ತಾಯಿತು. ಆ ದಿನ ಬರುವುದರೊಳಗೆ, ಇಪ್ಪತ್ತಾರನೆಯ ದಿನ ಬೆಳಿಗ್ಗೆ, ಅವಳು ಏಳಲಿಲ್ಲ.

ಪರ ಊರಿನಲ್ಲಿ ಬಾಡಿಗೆ ಮನೆ ಹೇಗೋ ಸಿಗುತ್ತದೆ, ಮಣ್ಣು ಕೇಳುವುದು ಯಾರ ಹತ್ತಿರ? ಬಸವರಾಜ ಮಗುವನ್ನು ಎತ್ತಿಕೊಂಡು ನಿಂತೇ ಇದ್ದ. ನಾರಾಯಣಮ್ಮ ತಮ್ಮನಿಗೆ ಫೋನು ಮಾಡಿದರು. ಮಂಚೇನಹಳ್ಳಿ ಕಡೆ ಅವರದೊಂದು ಹೂವಿನ ತೋಟವಿದೆ. ಬದುವಿನ ಪಕ್ಕ, ಬೇವಿನ ಮರದ ಕೆಳಗೆ ಜಾಗ ಕೊಟ್ಟರು.

ಅವ್ವನಿಗೆ ನಾನೇ ಹೇಳಿದೆ. ಡಬ್ಬಿ ಹಾಲಿನ ಸುದ್ದಿಯೂ ಬಾಯಿ ತಪ್ಪಿ ಬಂತು. ಅವಳು ಬಹಳ ಅತ್ತಳು. ಅಳುತ್ತಲೇ, "ಡಬ್ಬಿ ಹಾಲ್ ಹಾಕಿ ಕೂಸಿನ್ನ ಕಳಕೊಂಡಿ" ಎಂದಳು. ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿತ್ತು, ಅವ್ವ ಹೇಳಿದ್ದು ಹೊಟ್ಟೆಯೊಳಗೆ ಇಳಿಯಿತು.

ಎರಡನೆಯ ದಿನ ಎದೆ ಕಲ್ಲಾಯಿತು. ಮಗು ಇದ್ದಾಗ ನಾಲ್ಕು ಚಮಚಕ್ಕೆ ಪರದಾಡಿದ್ದ ನನಗೆ ಈಗ ರವಿಕೆ ನೆನೆಯುವಷ್ಟು ಹಾಲು. ಇದಕ್ಕಿಂತ ದೊಡ್ಡ ಅವಮಾನ ನನಗೆ ಇನ್ನೊಂದಿಲ್ಲ ಎನಿಸಿತು. ಜ್ವರ ಬಂದಂತೆ ಮೈ ಬಿಸಿ, ಕೈ ಎತ್ತಲು ಆಗದು. ಬಸವರಾಜನಿಗೂ ಹೇಳಲಿಲ್ಲ. ಬಚ್ಚಲಲ್ಲಿ ಒಗೆದು ಹಾಕಿದ್ದ ರವಿಕೆಗಳನ್ನು ನಾರಾಯಣಮ್ಮ ನೋಡಿದ್ದರಂತೆ. ಅದಕ್ಕೇ ಮರುದಿನ ಬೆಳಿಗ್ಗೆ ಮಲ್ಲಿಗೆ ತಂದಿದ್ದರು.

ಮೆಟ್ಟಿಲ ಮೇಲೆ ಕುಳಿತವರು ನನ್ನ ಅಳು ನಿಲ್ಲುವವರೆಗೂ ಕಾದರು. ಆಮೇಲೆ ಹೇಳಿದರು.

"ಮುಡಿಯಕ್ಕೆ ಅಲ್ಲ ಕಣಮ್ಮಾ. ನಮ್ಮ ಕಡೆ ಎದೆಗೆ ಕಟ್ತಾರೆ. ಹಾಲು ಇಂಗುತ್ತೆ, ತಣ್ಣಗಾಗುತ್ತೆ."

ನಾನು ಕೇಳಿದೆ. "ಈಗ ಯಾಕ ಬಂತ್ರಿ ಇದು? ಆಗ ಎಲ್ಲಿ ಹೋಗಿತ್ತು?"

"ಆಗ್ಲೂ ಇತ್ತೇನೋಮ್ಮಾ. ಎಳ್ಕೊಳಕ್ಕೆ ಬಂಗಾರು ಕೈಲಿ ಆಗ್ಲಿಲ್ಲ."

ಅಷ್ಟು ಕೇಳಿದ್ದೇ ನನಗೆ ಉಸಿರು ಬಂದಂತಾಯಿತು. ಅದನ್ನು ಅವರು ಗಮನಿಸಿರಬೇಕು. ನನ್ನ ಗಲ್ಲ ಹಿಡಿದು ತಿರುಗಿಸಿ ಹೇಳಿದರು, "ಇತ್ತು ಅಂತ ಸಮಾಧಾನ ಮಾಡ್ಕೋಬೇಡ. ಇಲ್ದೇ ಹೋಗಿದ್ರೂನೂ ನಿನ್ನ ತಪ್ಪಲ್ಲ. ಎದೆಹಾಲೋ ಡಬ್ಬಿ ಹಾಲೋ, ಮಗು ಹಸ್ಕೊಂಡಿರಬಾರ್ದು ಅಂತ ತಾನೇ ಇಬ್ರೂ ಒದ್ದಾಡಿದ್ರಿ?"

ಆಮೇಲೆ ಒಳಗೆ ತಿರುಗಿ ಕರೆದರು. "ಬಸಣ್ಣಾ, ಬನ್ನಿ. ಕುಡ್ಸಕ್ಕೆ ನೀವಿದ್ರಿ, ಇದಕ್ಕೂ ನೀವೇ ಇರಿ. ಬಿಗಿಯಾಗಿ ಬೇಡ, ಹೂ ನಿಲ್ಲೋ ಅಷ್ಟು ಸಾಕು." ಬಾಗಿಲು ಮುಂದಕ್ಕೆ ಮಾಡಿ ಹೊರಟುಹೋದರು.

ಮಣ್ಣು ಮಾಡಿ ಬಂದಾಗಿನಿಂದ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾಲೆಯನ್ನು ಎದೆಯ ಮೇಲೆ ಸುತ್ತಿ, ನನ್ನ ಹಳೆಯ ಸೀರೆಯ ತುಂಡಿನಿಂದ ಕಟ್ಟುವಾಗ ಗಂಟು ಹಾಕಲು ಆಗದೆ ನನ್ನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದ. ನಾವಿಬ್ಬರೂ ಸೇರಿ ಅತ್ತದ್ದು ಅದೇ ಮೊದಲು. ಸಂಜೆಗೆ ಹೂ ಬಾಡಿತು. ಮರುದಿನ ಮತ್ತೆ ಹೊಸದು ಬಂತು, ಅದರ ಮರುದಿನವೂ ಬಂತು. ಯಾವ ತೋಟದ ಹೂವೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ವಾರದೊಳಗೆ ಹಾಲು ಇಂಗಿತು. ಅದು ನಿಂತ ದಿನವೂ ಅತ್ತೆ.

ಒಂದು ತಿಂಗಳ ಮೇಲೆ ನಾರಾಯಣಮ್ಮ ಬಂದು, "ರೊಟ್ಟಿ ಬಡಿಯಮ್ಮಾ, ಸದ್ದಿಲ್ದೆ ಮನೆ ಬಿಕೋ ಅಂತಿದೆ" ಎಂದರು. ಬಡಿದೆ. ಆಮೇಲೆ ಅವರ ಜೊತೆ ಬಾಣಂತಿಯರ ಮನೆಗೆ ಹೋಗತೊಡಗಿದೆ. ಸುಮ್ಮನೆ ಕೂರುವುದು, ಊಟವಾಯಿತೇ ಎಂದು ಕೇಳುವುದು, ಅಷ್ಟೇ ನನ್ನ ಕೆಲಸ. ಬಸವರಾಜ ತನ್ನ ಪಾಳಿಯ ಆಗಷ್ಟೇ ಅಪ್ಪನಾಗಿದ್ದ ಒಬ್ಬ ಒಡಿಶಾ ಹುಡುಗನಿಗೆ ಒಳಲೆ ಹಿಡಿಯುವುದನ್ನು ಕಲಿಸಿ ಬಂದ ದಿನ ಹೊಟ್ಟೆ ತುಂಬ ಉಂಡ. ಆದರೆ ಬಸ್ಸಿನಲ್ಲಿ ಮುಂದಿನ ಸೀಟಿನವರು ಮಲ್ಲಿಗೆ ಮುಡಿದಿದ್ದರೆ ಇವತ್ತಿಗೂ ನಾನು ಎದ್ದು ಹಿಂದೆ ಹೋಗುತ್ತೇನೆ.

ಈಗ ಬಸವರಾಜನಿಗೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಅವ್ವ ದಿನಾ ಫೋನು ಮಾಡುತ್ತಾಳೆ. "ಬಂದ್ಬಿಡವ್ವಾ, ಆ ಊರಾಗ ನಿಂದೇನೈತಿ?"

ಹೋದ ತಿಂಗಳು ಊರಿಗೆ ಹೋಗಿದ್ದೆ. ಜೋಳದ ಹೊಲ, ನನ್ನದೇ ಮಾತು, ಯಾರೂ ತಿರುಗಿ ನೋಡದ ನನ್ನ ದೊಡ್ಡ ದನಿ, ಎಲ್ಲ ಹಾಗೇ ಇತ್ತು. ಸೋದರತ್ತೆಯ ಮೊಮ್ಮಗನ ತೊಟ್ಟಿಲ ಶಾಸ್ತ್ರದಲ್ಲಿ ಯಾರೋ ಹಿರಿಯರು ನನ್ನನ್ನು ಕೇಳಿದರು. "ನಿನಗೆಷ್ಟ ಮಕ್ಕಳವ್ವಾ?" ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು, "ಇನ್ನಾ ಇಲ್ರಿ." ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ, ನನ್ನನ್ನು ಉಳಿಸಲೆಂದೇ ಹೇಳಿದಳು. ನನ್ನ ಮಗಳನ್ನು ಆ ಊರಿನಲ್ಲಿ ಒಬ್ಬರೂ ಕಣ್ಣಿಂದ ಕಂಡಿಲ್ಲವಲ್ಲ.

ವಾಪಸ್ಸು ಬಂದು ಗೌರಿಬಿದನೂರಿನಲ್ಲಿ ಇಳಿದಾಗ ಬೀದಿಯ ತುದಿಯ ಸೊಪ್ಪಿನಾಕೆ ದೂರದಿಂದಲೇ ಕೂಗಿದಳು. "ಬಂಗಾರು ಅಮ್ಮಾ, ಯಾವಾಗ ಬಂದ್ರಿ?"

ಸಂಜೆ ಬಸವರಾಜ ಮತ್ತೆ ಕೇಳಿದ, "ಹೋಗೂಣೇನು ಊರಿಗೆ?" ಹೋಗಬೇಕೆಂದು ನನ್ನ ನಾಲಿಗೆಗೆ, ಕಿವಿಗೆ, ಹೊಟ್ಟೆಗೆ ಎಲ್ಲಕ್ಕೂ ಆಸೆ. ಅಲ್ಲಿ ನಾನು ಅವ್ವನ ಮಗಳು. ಆದರೆ ನನ್ನನ್ನು ತಾಯಿಯೆಂದು ಕರೆಯುವ ಊರು ಇದೊಂದೇ.